ಕಪ್ಪು ವೈರು ಪ್ಲಸ್ಸು

ಟ್ರೇಲರಿನ ಮಂಚದ ಕೆಳಗಿದ್ದ ಕನ್ವರ್ಟರ್ ಡಬ್ಬಿಯನ್ನು ಅಪ್ಪ ಮೂರು ಸಲ ಬಿಚ್ಚಿ ರಿಪೇರಿ ಮಾಡಿದ್ದರು. ನಾಲ್ಕನೇ ಸಲಕ್ಕೂ ತಯಾರಿದ್ದರು. ಮಗಳು ಹೊಸದನ್ನು ತಂದು ಮೆಟ್ಟಿಲ ಮೇಲಿಟ್ಟಾಗ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಒಳಗೆ ಏನಾದರೂ ಇದೆಯಾ, ಬರೀ ಡಬ್ಬಿ ಕೊಟ್ಟು ಕಳಿಸಿದ್ದಾನಾ?" ಅಂದರು.

"ಹಳೇದು ಭಾರ ಇದೆ ಅಂತ ಒಳ್ಳೇದಾ?"

"ಭಾರ ಇದ್ರೆ ತಾಮ್ರ ಇದೆ ಅಂತ ಅರ್ಥ."

"ತಾಮ್ರ ಬೇಕಿದ್ರೆ ಪಾತ್ರೆ ಅಂಗಡಿಗೆ ಹೋಗೋಣ. ಈಗ ಸ್ವಲ್ಪ ಪಕ್ಕಕ್ಕೆ ಸರಿಯಿರಿ ಅಪ್ಪಾ."

ಅಪ್ಪ ಕೆಲಸದಲ್ಲಿದ್ದಷ್ಟು ಕಾಲವೂ ಲಾರಿಗಳ ಎಲೆಕ್ಟ್ರಿಷಿಯನ್. ಮಗಳು ಲಿಫ್ಟ್ ಮೆಕ್ಯಾನಿಕ್. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಈ ಎರಡು ಮಂಚದ ಟ್ರೇಲರ್ ವರ್ಷವೆಲ್ಲ ಮನೆಯ ಪಕ್ಕ ನಿಂತಿರುತ್ತಿತ್ತು. ಮನೆಯಿಂದ ಎಳೆದ ಉದ್ದ ವೈರಿನ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿ, ದೀಪ ಪಂಪು ನಡೆಸಿ, ಬ್ಯಾಟರಿಗೆ ಚಾರ್ಜ್ ತುಂಬುವುದು ಕನ್ವರ್ಟರಿನ ಕೆಲಸ. ಹಳೆಯದಕ್ಕೆ ಬ್ಯಾಟರಿ ತುಂಬಿದ್ದು ಗೊತ್ತಾಗುತ್ತಿರಲಿಲ್ಲ. ಸಾಕು ಸಾಕು ಅಂದರೂ ಬಡಿಸುವ ನೆಂಟರ ಹಾಗೆ ತುಂಬುತ್ತಲೇ ಇರುತ್ತಿತ್ತು. ಬ್ಯಾಟರಿ ಕುದಿದು, ನೀರು ಆರಿ, ಒಳಗೊಳಗೇ ಸತ್ತಿತ್ತು.

ಅದು ಸತ್ತದ್ದು ಗೊತ್ತಾಗಿದ್ದು ಅಮ್ಮನಿಗೆ. ನಿದ್ದೆಯಲ್ಲಿ ಅಮ್ಮನ ಉಸಿರು ನಿಂತು ನಿಂತು ಬರುತ್ತದೆ. ಅದಕ್ಕೇ ಮೂಗಿಗೆ ಮಾಸ್ಕ್ ಹಾಕಿ, ಗಾಳಿ ಒತ್ತುವ ಸಣ್ಣ ಮೆಷಿನ್ ಇಟ್ಟುಕೊಂಡು ಮಲಗಬೇಕು. ಅವರು ಪ್ರತಿವರ್ಷ ಹೋಗುವ ಕೆರೆಯ ದಡದಲ್ಲಿ ಕರೆಂಟಿಲ್ಲ, ಏನಿದ್ದರೂ ಬ್ಯಾಟರಿಯೇ. ಹೋದ ವರ್ಷ ಅಲ್ಲಿ ನಡುರಾತ್ರಿ ಮೆಷಿನ್ ನಿಂತುಹೋಯಿತು. ಅಮ್ಮ ಬೆಳಗಾಗುವವರೆಗೆ ಗೋಡೆಗೆ ಒರಗಿ ಕೂತರು. ಮನೆಗೆ ಬಂದಮೇಲೆ, "ಇನ್ಮೇಲೆ ನೀವು ಹೋಗಿ ಬನ್ನಿ, ನಾನು ಬರಲ್ಲ" ಅಂದರು.

"ನಿನ್ನ ಮೆಷಿನ್ ಕರೆಂಟ್ ಕುಡಿಯುತ್ತೆ ಕಣೇ" ಅಂತ ಅಪ್ಪ ವಾದ ಮಾಡಿದ್ದರು.

"ಕುಡಿಯೋದು ನನ್ನ ಮೆಷಿನ್ ಅಲ್ಲ, ನಿಮ್ಮ ಡಬ್ಬಿ."

ಈ ವಾರದ ಕೊನೆಗೆ ಮತ್ತೆ ಕೆರೆಗೆ ಹೊರಡಬೇಕು. ಅಮ್ಮ ಮನಸ್ಸು ಬದಲಾಯಿಸಿರಲಿಲ್ಲ. ಮಗಳು ಹೊಸ ಕನ್ವರ್ಟರ್, ಹೊಸ ಬ್ಯಾಟರಿ ಎರಡನ್ನೂ ತಂದಿದ್ದು ಅದಕ್ಕೇ.

ಲಿಫ್ಟ್ ಕೆಲಸದಲ್ಲಿ ಒಬ್ಬರು ಮೇಲಿರುತ್ತಾರೆ, ಒಬ್ಬರು ಕೆಳಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಏನು ಮಾಡುವುದಿದ್ದರೂ ಮೊದಲು ಕೂಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ಕೈ ಹಾಕಬೇಕು. ಮಗಳಿಗೆ ಅದು ರಕ್ತಗತವಾಗಿತ್ತು.

"ಮನೆ ಕರೆಂಟ್ ಕಿತ್ತಿದ್ದೀನಿ" ಅಂದಳು. ಅಪ್ಪ ತಿರುಗಿ ಹೇಳಲಿ ಅಂತ ಕಾದಳು.

ಅಪ್ಪ ಕತ್ತೆತ್ತಿ ನೋಡಿದರು. "ಏನು, ನಾನು ಮಗ್ಗಿ ಒಪ್ಪಿಸಬೇಕಾ?"

ಅವಳು ಅಷ್ಟಕ್ಕೇ ಬಿಟ್ಟಳು. ಅಪ್ಪನನ್ನು ಶಾಲೆಯ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ ಅನಿಸಿತು.

ಬ್ಯಾಟರಿಯ ತಂತಿ ಕಳಚಿ, ಹಳೆಯ ಡಬ್ಬಿಯನ್ನು ಇಬ್ಬರೂ ಹಿಡಿದು ಎಳೆದರು. ಅದಕ್ಕೆ ಬಿಗಿದಿದ್ದ ಟ್ರೇಲರಿನ ಎರಡು ದಪ್ಪ ವೈರುಗಳ ತುದಿ ಸುಟ್ಟು ಕರಕಲಾಗಿತ್ತು. ಕೈಯಿಟ್ಟರೆ ಪುಡಿ ಉದುರುತ್ತಿತ್ತು. ಮಗಳು ಒಳ್ಳೆಯ ತಾಮ್ರ ಸಿಗುವವರೆಗೆ ಎರಡನ್ನೂ ಕತ್ತರಿಸಿ ತುಂಡುಗಳನ್ನು ಕಸದ ಬುಟ್ಟಿಗೆ ಎಸೆದಳು. ಈಗ ಉಳಿದಿದ್ದು ಒಂದು ಕಪ್ಪು ವೈರು, ಒಂದು ಬಿಳಿ ವೈರು.

"ಬಿಡು, ಇದು ನಂದು" ಅಂತ ಅಪ್ಪ ಹೊಸ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ, ಹೊಟ್ಟೆ ಎಳೆದುಕೊಂಡು ಪಕ್ಕಕ್ಕೆ ಮಲಗಿದರು. ಸ್ಕ್ರೂಡ್ರೈವರ್ ತಿರುಗಿತು. ಗ್ಯಾರೇಜಿನಲ್ಲಿ ಅಪ್ಪನ ಜೋಡಣೆಯನ್ನು ಇನ್ನೊಬ್ಬರು ನೋಡಿದ್ದೇ ಇಲ್ಲ, ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳೂ ನೋಡಲಿಲ್ಲ. ಟಾರ್ಚ್ ಹಿಡಿದು ನಿಂತಿದ್ದಳು. ಆಮೇಲೆ ಹೊರಗೆ ಹೋಗಿ ಹೊಸ ಬ್ಯಾಟರಿಗೆ ತಂತಿ ಸಿಕ್ಕಿಸಿದಳು.

ಟಪ್ ಅಂತು. ದೊಡ್ಡ ಸದ್ದೇನಲ್ಲ. ಆದರೆ ಇಬ್ಬರೂ ಇಂಥ ಸದ್ದು ಕೇಳಿಯೇ ಅನ್ನ ಸಂಪಾದಿಸಿದವರು.

ಅವಳು ಒಳಗೆ ಬಂದು ಮೀಟರ್ ಹಿಡಿದಳು. ಈ ಟ್ರೇಲರ್ ಮಾಡಿದವನು ಪ್ಲಸ್ಸಿಗೆ ಕಪ್ಪು ವೈರು, ಮೈನಸ್ಸಿಗೆ ಬಿಳಿ ವೈರು ಎಳೆದಿದ್ದ. ಅಪ್ಪನ ಲಾರಿಗಳಲ್ಲಿ ಕಪ್ಪು ಅಂದರೆ ಮೈನಸ್ಸು. ಅಪ್ಪನ ಕೈ ಅಪ್ಪನನ್ನು ಕೇಳದೆ ಕಪ್ಪನ್ನು ಮೈನಸ್ಸಿಗೆ ಬಿಗಿದಿತ್ತು.

"ಅದಕ್ಕೇ ಮೊದಲ ರಿಪೇರೀಲೇ ಇದು ಪ್ಲಸ್ಸು ಅಂತ ಕಪ್ಪಿಗೆ ಕೆಂಪು ಟೇಪ್ ಸುತ್ತಿದ್ದೆ" ಅಂದರು ಅಪ್ಪ. "ಎಲ್ಲಿ ಹೋಯ್ತು ಅದು?"

ಮಗಳು ಬುಟ್ಟಿಯ ಕಡೆ ನೋಡಿದಳು. ಕರಕಲು ತುಂಡಿಗೆ ಕರಗಿ ಅಂಟಿದ್ದ ಕೆಂಪು ಚೂರು ಈಗ ಕಂಡಿತು. "ನಾನು ಕತ್ತರಿಸಿಬಿಟ್ಟೆ."

ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ. "ಏನದು ಸದ್ದು? ಹೊಸದೂ ಹೋಯ್ತಾ?"

ಅಮ್ಮನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ನನಗೆ ಮೊದಲೇ ಗೊತ್ತಿತ್ತು ಅನ್ನುವ ಸಮಾಧಾನವಿತ್ತು. ಅದು ಇನ್ನೂ ಕೆಟ್ಟದ್ದು.

ಅಪ್ಪ ಬುಟ್ಟಿಯ ಕಡೆ ಬೆರಳು ಎತ್ತಿದರು. ಬೆರಳು ಹಾಗೇ ಇಳಿಯಿತು. "ಮೀಟರ್ ಹಿಡಿಯದೆ ಹಾಕಿದ್ದು ನಾನು" ಅಂದರು. "ಉಲ್ಟಾ ಹಾಕಿದೆ. ಫ್ಯೂಸ್ ಹೋಗಿರುತ್ತೆ ಅಷ್ಟೆ. ಡಬ್ಬಿ ಮಾಡಿದವನಿಗೆ ನನ್ನಂಥವರು ಇರ್ತಾರೆ ಅಂತ ಗೊತ್ತಿತ್ತು ಅನಿಸುತ್ತೆ, ಎರಡು ಫ್ಯೂಸ್ ಇಟ್ಟಿದ್ದಾನೆ."

ಎರಡೂ ಸುಟ್ಟಿದ್ದವು. ಲಾರಿಗೆ ಹಾಕುವಂಥವೇ. ಅಪ್ಪನ ಹಳೇ ಟಿನ್ ಡಬ್ಬದಲ್ಲಿ ಬೇಕಾದಷ್ಟಿದ್ದವು. ಮಗಳು ಬ್ಯಾಟರಿ ಕಳಚಿ ಬಂದಳು. ಅಪ್ಪ ಫ್ಯೂಸ್ ಬದಲಾಯಿಸಿ ಮತ್ತೆ ಪಕ್ಕಕ್ಕೆ ಮಲಗಿದರು. ಆದರೆ ಸ್ಕ್ರೂಡ್ರೈವರ್ ತಿರುಗಲಿಲ್ಲ.

"ಹೇಳು" ಅಂದರು.

"ಏನು ಹೇಳಲಿ?"

"ನಿನ್ನ ಮಗ್ಗಿ."

ಮಗಳು ಗಂಟಲು ಸರಿಮಾಡಿಕೊಂಡಳು. "ಕಪ್ಪು ವೈರು ಪ್ಲಸ್ಸು."

"ಕಪ್ಪು ವೈರು ಪ್ಲಸ್ಸು."

"ಬಿಳಿ ವೈರು ಮೈನಸ್ಸು."

"ಬಿಳಿ ವೈರು ಮೈನಸ್ಸು. ಬಿಗಿ ಮಾಡಿದೆ. ಎಳೆದು ನೋಡು."

ಅಪ್ಪ ತಮ್ಮ ಜೋಡಣೆಯನ್ನು ಎಳೆದು ನೋಡು ಅಂತ ಯಾರಿಗೂ ಹೇಳಿದವರಲ್ಲ. ಅವಳು ಬಗ್ಗಿ ಎಳೆದಳು. ಜಗ್ಗಲಿಲ್ಲ. ಮೀಟರ್ ಹಿಡಿದಳು. ಆಮೇಲೆ ಬ್ಯಾಟರಿ, ಆಮೇಲೆ ಮನೆ ಕರೆಂಟು, ಪ್ರತಿಯೊಂದಕ್ಕೂ ಇಬ್ಬರ ದನಿ. ದೀಪ ಹತ್ತಿತು. ಹಳೇ ಡಬ್ಬಿಯ ಗುಂಯ್ ಅನ್ನುವ ಸದ್ದಿಲ್ಲ. ಅಪ್ಪ ಡಬ್ಬಿಗೆ ಕಿವಿ ಹಚ್ಚಿ, "ಓಡ್ತಾ ಇದೆಯಾ ಇದು?" ಅಂತ ಎರಡು ಸಲ ಕೇಳಿದರು.

ಬಾಗಿಲಲ್ಲೇ ನಿಂತಿದ್ದ ಅಮ್ಮ, "ನಾಳೆ ಮಧ್ಯಾಹ್ನ ಇದರಲ್ಲೇ ಮಲಗಿ ನೋಡ್ತೀನಿ. ಮೆಷಿನ್ ನಿಂತರೆ ಕೆರೆ ಮಾತು ಯಾರೂ ಎತ್ತಬಾರದು" ಅಂದರು.

ಮರುದಿನ ಊಟವಾದ ಮೇಲೆ ಮಗಳು ಮನೆ ಕರೆಂಟಿನ ವೈರು ಕಿತ್ತಳು. ಅಮ್ಮ ಮಾಸ್ಕ್ ಹಾಕಿ ಮಲಗಿದರು. ಅಪ್ಪ ಬೇಕೆಂತಲೇ ಟ್ರೇಲರಿನ ದೀಪಗಳನ್ನೆಲ್ಲ ಹಾಕಿ, ಫ್ಯಾನೂ ತಿರುಗಿಸಿಟ್ಟು, ಹೊರಗೆ ಕುರ್ಚಿ ಹಾಕಿಕೊಂಡು ಕೂತರು. ಮಗಳು ನಲ್ಲಿಯ ಹತ್ತಿರ ಕೂತು ಹತಾರ ಒರೆಸತೊಡಗಿದಳು.

ಬಿಸಿಲು ಗೋಡೆಯಿಂದ ಇಳಿಯಿತು. ಆಸ್ಪತ್ರೆಯೊಳಗೆ ಔಷಧಿ ಅಂಗಡಿ ಇಟ್ಟಿರುವ ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, "ಏನ್ರೀ, ಯಾರಿಗೆ ಕಾವಲು?" ಅಂದರು.

"ಮೆಲ್ಲಗೆ ಮಾತಾಡಿ. ನಮ್ಮವಳು ಮಲಗಿದ್ದಾಳೆ, ಬ್ಯಾಟರಿ ಮೇಲೆ."

"ಹೊಸ ಕನ್ವರ್ಟರ್ ಅಂತೆ. ನೀವೇ ಹಾಕಿದ್ರಾ?"

"ಮಗಳು ಹಾಕಿದ್ದು" ಅಂದರು ಅಪ್ಪ. ಅವರ ದನಿ ಮಾತ್ರ ಮೆಲ್ಲಗಿರಲಿಲ್ಲ. "ನಾನು ಎರಡು ಫ್ಯೂಸ್ ಸುಟ್ಟೆ."

ಪಕ್ಕದವರು ನಕ್ಕರು. "ಪರವಾಗಿಲ್ವೇ, ಲಿಫ್ಟ್ ಹುಡುಗಿ."

"ಹುಡುಗಿ ಏನ್ರೀ? ನೀವು ಆಸ್ಪತ್ರೇಲಿ ಹತ್ತಿ ಇಳಿಯೋದು ಅವಳು ಬಿಗಿದ ನಟ್ಟಿನ ಮೇಲೆ. ಒಂದೊಂದನ್ನೂ ಬಾಯಿಬಿಟ್ಟು ಹೇಳಿ ಬಿಗೀತಾಳೆ. ನಮ್ಮ ಗ್ಯಾರೇಜಲ್ಲಿ ಒಬ್ಬನಿಗೂ ಆ ಬುದ್ಧಿ ಇರಲಿಲ್ಲ, ನನ್ನನ್ನೂ ಸೇರಿಸಿ."

ನಲ್ಲಿಯ ಹತ್ತಿರ ಮಗಳು ಒರೆಸಿದ ಇಕ್ಕಳವನ್ನೇ ಮತ್ತೆ ಒರೆಸಿದಳು.

ಟ್ರೇಲರಿನ ಬಾಗಿಲು ತೆರೆಯಿತು. ಅಮ್ಮನ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಗುರುತು ಒತ್ತಿತ್ತು. "ಯಾರ್ರೀ ಅದು ಇಷ್ಟು ಗಟ್ಟಿಯಾಗಿ ಕೊಚ್ಚಿಕೊಳ್ತಾ ಇರೋದು?"

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಮೆಷಿನ್ ನಿಂತಿತ್ತಾ?"

"ನಿಂತಿದ್ರೆ ಇಷ್ಟು ಹೊತ್ತು ಮಲಗ್ತಿದ್ನಾ? ನೀವು ಎಬ್ಬಿಸದಿದ್ರೆ ಇನ್ನೂ ಮಲಗ್ತಿದ್ದೆ." ಅಮ್ಮ ಮೆಟ್ಟಿಲಿಳಿದು ಮನೆಯ ಕಡೆ ನಡೆದರು. ಬಾಗಿಲ ಹತ್ತಿರ ತಿರುಗಿ ನಿಂತು, "ನನ್ನ ದಪ್ಪ ಹೊದಿಕೆ ಎಲ್ಲಿಟ್ಟಿದ್ದೀರಿ? ಕೆರೆ ಹತ್ರ ಬೆಳಗಿನ ಜಾವ ಚಳಿ" ಅಂದರು.

ಅಪ್ಪನಿಗೆ ಗೊತ್ತಿರಲಿಲ್ಲ. ಹುಡುಕಲು ಓಡಿದರು.