ಮುನ್ನೂರ ಹನ್ನೆರಡನೇ ಉಲ್ಲೇಖ

ವಿಶ್ವವಿದ್ಯಾಲಯದಲ್ಲಿ ನನ್ನ ಬಡ್ತಿ ಸಂದರ್ಶನಕ್ಕೆ ಎರಡೇ ದಿನ ಬಾಕಿಯಿತ್ತು. ಜೈಲಿನ ಸಾವುಗಳ ಬಗ್ಗೆ ನಾನು ಬರೆದ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂದು ಕೂತಲ್ಲಿ ಕೂರಲಾಗದೆ ಗಳಿಗೆಗೊಮ್ಮೆ ನೋಡುತ್ತಿದ್ದೆ. ಮುನ್ನೂರ ಹನ್ನೊಂದು. ಹಾಳಾದ ಸಂಖ್ಯೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಮುದುಕನೊಬ್ಬ ನನ್ನ ಕೋಣೆಯ ಬಾಗಿಲಿಗೆ ಬಂದ. "ಮೇಡಂ, ನಿಮ್ಮ ಪ್ರಬಂಧದಲ್ಲಿ ಸತ್ತುಹೋದ ಟೈಲರ್ ನಾನೇ," ಎಂದ.

ಅವನು ಸತ್ತನೆಂದು ಜೊತೆಯ ಕೈದಿ ಹೇಳಿದ್ದನ್ನು ನಂಬಿ ಬರೆದಿದ್ದೆ. ವಿಚಾರಿಸುವ ಗೋಜಿಗೇ ಹೋಗಿರಲಿಲ್ಲ. "ತಪ್ಪಾಯ್ತು, ಯಜಮಾನರೇ. ಸದ್ಯ, ಬದುಕಿದ್ದೀರಲ್ಲ," ಎಂದೆ.

"ಅದನ್ನ ಗುರುತಿನ ಚೀಟಿ ಆಫೀಸಿನವರಿಗೆ ಹೇಳಿ," ಎಂದು ಕಾಗದವೊಂದನ್ನು ಮುಂದೆ ಹಿಡಿದ. 'ಅರ್ಜಿದಾರ ಮೃತಪಟ್ಟಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ.' ಅದರ ಕೆಳಗೆ ಆಧಾರವೆಂದು ನನ್ನ ಹೆಸರು, ಪ್ರಬಂಧದ ಹೆಸರು, ವರ್ಷ, ಪುಟ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.