ಮುರ್ದಾಕ್ಕೆ ಕುಡಿಸಿದ ದವಾ

ತೊಂಬತ್ತೊಂಬತ್ತನೇ ಇಸವಿಯಲ್ಲಿ ವಿದ್ಯಾವತಿ ಮದುವೆಯಾಗಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದಾಗ, ತವರಿನ ಸಾಮಾನಿನ ಜೊತೆ ಒಂದು ವಿಡಿಯೋ ಗೇಮಿನ ಡಬ್ಬಿಯೂ ಬಂತು. ಅಣ್ಣ ಶರಣಕುಮಾರ ಬಸ್‌ಸ್ಟ್ಯಾಂಡಿನ ಹತ್ತಿರ ಗೇಮಿನ ಅಂಗಡಿ ಇಟ್ಟು, ನಡೆಯದೆ ಮುಚ್ಚಿ, ಉಳಿದದ್ದನ್ನು ತಂಗಿಗೆ ಕೊಟ್ಟಿದ್ದ.

ಗಂಡ ಗುರುಲಿಂಗ ಬೆಳಿಗ್ಗೆಯೇ ತನ್ನ ಔಷಧಿ ಅಂಗಡಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅವಳು ಮತ್ತು ಅತ್ತೆ ಪಾರ್ವತಿಬಾಯಿ. ಮಾವ ಮಹಾರುದ್ರಪ್ಪ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ತಮ್ಮವರ ಪದ್ಧತಿಯಂತೆ ಹೊಲದಲ್ಲಿ, ಮಲಗಿಸದೆ ಕೂಡಿಸಿ ಸಮಾಧಿ ಮಾಡಿದ್ದರು. ಅಂದಿನಿಂದ ಅತ್ತೆ ಮಾತು ಕಡಿಮೆ ಮಾಡಿದ್ದರು, ಊಟ ಇನ್ನೂ ಕಡಿಮೆ. ಬಿ.ಪಿ.ಯ ಗುಳಿಗೆಯನ್ನು ಮಾತ್ರ ಮಗ ಕೊಟ್ಟಾಗ ನುಂಗುತ್ತಿದ್ದರು, ಕೊಡುವುದು ಅವನ ಧಂದೆ ಎಂಬಂತೆ.

ಮಧ್ಯಾಹ್ನ ಕರೆಂಟು ಇದ್ದರೆ ವಿದ್ಯಾವತಿ ಟಿವಿಗೆ ಡಬ್ಬಿ ಜೋಡಿಸುತ್ತಿದ್ದಳು. ರಾಜಕುಮಾರನೊಬ್ಬ ಕತ್ತಿ ಹಿಡಿದು ಊರೂರು ತಿರುಗಿ ರಾಕ್ಷಸರನ್ನು ಸದೆಬಡಿಯುವ ಆಟ. ಒಂದರ ಮುಂದುವರಿಕೆ ಇನ್ನೊಂದು, ಒಟ್ಟು ಮೂರು ಕ್ಯಾಸೆಟ್ಟು. ಮೂರರಲ್ಲೂ ಗೋರಿಯಿಂದ ಎದ್ದು, ಕೈ ಚಾಚಿ, ಕಾಲೆಳೆಯುತ್ತ ಬರುವ ಒಂದು ಹೆಣವಿತ್ತು. ಹೊಡೆದರೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಅಣ್ಣನ ಅಂಗಡಿಯಲ್ಲಿ ಎಲ್ಲರೂ ಅದನ್ನು ಮುರ್ದಾ ಅನ್ನುತ್ತಿದ್ದರು. ಅವಳೂ ಹಾಗೆಯೇ ಕರೆಯುತ್ತಿದ್ದಳು.

ಮೊದಮೊದಲು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಆಮೇಲೆ ಈ ಕಡೆ ಹೊರಳಿದರು. ಒಂದು ದಿನ ಮೂರನೆಯ ಕ್ಯಾಸೆಟ್ಟಿನ ಗವಿಯಲ್ಲಿ ಮುರ್ದಾ ಎದ್ದೆದ್ದು ರಾಜಕುಮಾರನನ್ನು ಕೊಲ್ಲುತ್ತಿದ್ದಾಗ ಬಾಯಿ ಬಿಟ್ಟರು.

“ಇವನ್ನ ಮಲಗಿಸಿ ಮಣ್ಣು ಮಾಡ್ಯಾರ. ನಮ್ಮವರಂಗ ಕೂಡಿಸಿದ್ರ ಹಿಂಗ ಏಳ್ತಿದ್ದಿಲ್ಲ.”

ವಿದ್ಯಾವತಿ ಹೌದ್ರಿ ಅಂದಳು. ಅತ್ತೆ, ನಡಿಗೆ ನೋಡಿದರೆ ಅವನಿಗೆ ಮೊಣಕಾಲು ನೋವು ಇದ್ದಂತಿದೆ, ಹೊಡೆಯುವ ಬದಲು ದವಾ ಕೊಡಬಾರದೇ ಎಂದು ಕೇಳಿದರು. ರಾಜಕುಮಾರನ ಚೀಲದಲ್ಲಿ ಗಾಯ ಮಾಯಿಸುವ ದವಾದ ಸೀಸೆಗಳಿದ್ದವು. ಅದನ್ನು ಶತ್ರುವಿಗೆ ಕೊಡಬಹುದೆಂದು ಅವಳು ಯೋಚಿಸಿರಲೇ ಇಲ್ಲ. ಅತ್ತೆಯ ಮಾತು ಮೀರಬಾರದೆಂದು ಒಂದು ಸೀಸೆ ಕುಡಿಸಿದಳು. ಮುರ್ದಾ ನಡುಗಿತು, ಬಿತ್ತು, ಹೊಗೆಯಾಗಿ ಹೋಯಿತು. ಮತ್ತೆ ಏಳಲಿಲ್ಲ.

ವಿದ್ಯಾವತಿಗೆ ಖುಷಿಯಾಯಿತು. ಪಾರ್ವತಿಬಾಯಿ ಗೋಡೆಯ ಕಡೆ ಹೊರಳಿದರು.

ಮರುದಿನದಿಂದ ಅವರು ಗುಳಿಗೆ ಬಿಟ್ಟರು. ಗುರುಲಿಂಗ ಬೇಡಿಕೊಂಡ, ಸಿಟ್ಟಾದ, ಬೇರೆ ಬಣ್ಣದ ಗುಳಿಗೆ ತಂದು ನೋಡಿದ. ಅವರು ಕಾರಣವನ್ನೂ ಹೇಳಲಿಲ್ಲ. ಬರಬರುತ್ತ ತಲೆ ತಿರುಗಿ, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಊರಿಗೆಲ್ಲ ದವಾ ಮಾರುವವನು ಹೆತ್ತವ್ವನಿಗೊಂದು ಗುಳಿಗೆ ನುಂಗಿಸಲಾರದೆ ಹೋದೆನಲ್ಲ ಎಂದು ಗುರುಲಿಂಗ ಗೊಣಗುತ್ತ ಅಂಗಡಿಗೆ ಹೋದ.

ಕಾರಣ ವಿದ್ಯಾವತಿಗೆ ಗೊತ್ತಿತ್ತು, ಗಂಡನಿಗೆ ಹೇಳುವಂಥದ್ದಾಗಿರಲಿಲ್ಲ. ಆ ಮಧ್ಯಾಹ್ನ ಅತ್ತೆಯನ್ನು ದಿಂಬಿಗೆ ಒರಗಿಸಿ ಆಟ ಹಚ್ಚಿದಳು. ರಾಜಕುಮಾರನಿಗೆ ಬೇಕೆಂದೇ ಪೆಟ್ಟು ತಿನ್ನಿಸಿ, ಇನ್ನೇನು ಸಾಯುತ್ತಾನೆ ಅನ್ನುವಾಗ ಅದೇ ದವಾ ಕುಡಿಸಿದಳು. ಅವನು ಎದ್ದು ನಿಂತ.

“ನೋಡ್ರಿ ಅತ್ತಿ. ಜೀವ ಇದ್ದವ್ರಿಗೆ ಇದು ದವಾನೇ. ಸತ್ತವ್ರಿಗಷ್ಟೇ ವಿಷ.”

ಪಾರ್ವತಿಬಾಯಿ ಎದ್ದು ನಿಂತ ರಾಜಕುಮಾರನನ್ನು ನೋಡಿದರು.

“ಅದು ತಿಳೀತು,” ಅಂದರು. “ನಾ ಯಾವ ಪೈಕಿ ಅಂತ ತಿಳೀವಲ್ದು.”

ವಿದ್ಯಾವತಿ ಒಳಗೆ ಹೋಗಿ ಗುಳಿಗೆ, ನೀರು ತಂದು ಪಕ್ಕದಲ್ಲಿ ಕುಳಿತಳು.

“ನುಂಗಿ ನೋಡ್ರಿ. ನಾ ಇಲ್ಲೇ ಕುಂತಿರ್ತೀನಿ.”

ಅತ್ತೆ ನುಂಗಿದರು. ಇಬ್ಬರೂ ಕಾದರು. ನಡುವೆ ಅತ್ತೆ, ಹೊಗೆಯಾಗುತ್ತಿದೆಯೇನೋ ಎಂಬಂತೆ ತಮ್ಮ ಅಂಗೈ ನೋಡಿಕೊಂಡರು. ಏನೂ ಆಗಲಿಲ್ಲ. ಕಡೆಗೆ, ಬರಿಹೊಟ್ಟೆಯಲ್ಲಿ ಉರಿಯುತ್ತಿದೆ, ರೊಟ್ಟಿ ಇದ್ದರೆ ಕೊಡು ಅಂದರು. ತಿನ್ನುತ್ತ, ಪುಂಡಿಪಲ್ಯಕ್ಕೆ ಉಪ್ಪು ಸಾಲದು ಎಂದೂ ಹೇಳಿದರು.

ನಾಗರಪಂಚಮಿಗೆ ವಿದ್ಯಾವತಿ ತವರಿಗೆ ಹೊರಟಾಗ ಪಾರ್ವತಿಬಾಯಿಯೂ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹುಮನಾಬಾದಿನ ಬಸ್ಸಿನಲ್ಲಿ ತಮಗೆ ಕಿಟಕಿಯ ಸೀಟೇ ಬೇಕೆಂದರು.