ಎಡ, ಬಲ, ಅಂಗಾತ

ಮೂರು ಎಂದು ಎಣಿಸಿದ ಕೂಡಲೇ ನರ್ಸಕ್ಕ ಸೊಂಟವನ್ನೂ ನಾನು ಹೆಗಲನ್ನೂ ಹಿಡಿದು ಟೈಲರಮ್ಮನನ್ನು ಎಡಕ್ಕೆ ಹೊರಳಿಸಿದೆವು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನರ್ಸಕ್ಕ ನೀರು ಹಚ್ಚಿ ಮೆಲ್ಲಗೆ ಬಿಡಿಸಿದರು. ಸೊಂಟದ ಕೆಳಗೆ, ಮೂಳೆ ಉಬ್ಬಿದ ಕಡೆ, ಅಂಗೈಯಗಲ ಚರ್ಮ ಕಿತ್ತುಹೋಗಿ ಒಳಗಿನ ಕೆಂಪು ಕಾಣುತ್ತಿತ್ತು.

ನರ್ಸಕ್ಕ ನನ್ನನ್ನು ನೋಡಲಿಲ್ಲ. ಮಂಚಕ್ಕೆ ನೇತುಹಾಕಿದ್ದ ಹಾಳೆಯನ್ನು ತೆಗೆದು ನೋಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದವರು ಚೌಕದೊಳಗೆ ಎಡ, ಬಲ ಅಥವಾ ಅಂಗಾತ ಎಂದು ಬರೆದು ಸಹಿ ಹಾಕಬೇಕು. ಹತ್ತು ದಿನದ ಮಧ್ಯಾಹ್ನದ ಚೌಕಗಳೆಲ್ಲ ನನ್ನವು. ಒಂದೂ ಖಾಲಿ ಇರಲಿಲ್ಲ.

"ಹಾಳೆ ಸರಿಯಾಗೇ ಇದೆಯಲ್ಲ," ಎಂದು ಮುಲಾಮು ತರಲು ಹೋದರು.

ಸಿಸ್ಟರ್‌ಗಳು ನಡೆಸುವ ಈ ರೋಗಿಗಳ ಮನೆಗೆ ನಾನು ಸಿಸ್ಟರ್ ಆಗಲೆಂದೇ ಬಂದು ಹತ್ತು ತಿಂಗಳಾಗಿತ್ತು. ಮೂರು ತಿಂಗಳಿಗೆ ಬಾಲ ಮುದುರಿಕೊಂಡು ವಾಪಸು ಬರುತ್ತಾಳೆ ಎಂದಿದ್ದ ಅಣ್ಣ ಈಗ ತೆಪ್ಪಗಾಗಿದ್ದ. ದೀಕ್ಷೆಯ ತರಬೇತಿಗೆ ಸೇರಿಸಿಕೊಳ್ಳಿ ಎಂದು ಬೇಡುವ ಪತ್ರವನ್ನು ಬರುವ ವಾರ ಕೊಡಬೇಕಿತ್ತು. ಈ ಹುಡುಗಿಗೆ ದೇವರ ಕರೆ ಬಂದಿದೆ, ಪ್ರಾರ್ಥನೆಗೆ ಮಂಡಿಯೂರಿದ್ದನ್ನು ನೋಡಿದರೇ ತಿಳಿಯುತ್ತದೆ ಎಂದು ಸಿಸ್ಟರ್‌ಗಳ ಮುಖ್ಯಸ್ಥೆಯಾದ ಮದರ್ ಊಟದ ಮನೆಯಲ್ಲಿ ಎಲ್ಲರೆದುರು ಹೇಳಿದ್ದರು. ಆ ಮಾತನ್ನು ನಾನು ಎಷ್ಟು ಸಲ ಮೆಲುಕು ಹಾಕಿದ್ದೆನೋ.

ಇಲ್ಲಿ ಒಂದು ನಿಯಮ. ಗಂಟೆ ಬಾರಿಸಿದರೆ ಅದು ದೇವರ ದನಿ. ಬರೆಯುತ್ತಿದ್ದ ಅಕ್ಷರವನ್ನೂ ಅರ್ಧಕ್ಕೆ ಬಿಟ್ಟು ಏಳಬೇಕು. ಆದರೆ ಕೈಯಲ್ಲಿ ರೋಗಿ ಇದ್ದರೆ ಆ ಕೆಲಸ ಮುಗಿಸಿ ತಡವಾಗಿ ಹೋಗಬಹುದು, ಯಾಕೆಂದು ಯಾರೂ ಕೇಳುವುದಿಲ್ಲ. ಮೊದಲ ವಾರವೇ ಇದನ್ನು ಹೇಳಿಕೊಟ್ಟಿದ್ದರು. ಮೂರು ಗಂಟೆಗೆ ಆರಾಧನೆಯ ಗಂಟೆ, ಮೂರಕ್ಕೇ ಟೈಲರಮ್ಮನ ಮಗ್ಗುಲು. ಒಂದು ದಿನ, ಬಂದು ಹೊರಳಿಸಿದರಾಯಿತು ಎಂದುಕೊಂಡು ಸಹಿ ಹಾಕಿ ಹೋದೆ. ಬಂದ ಮೇಲೆ ಮರೆತೆ. ಮರುದಿನ ಮರೆಯಲಿಲ್ಲ, ಸುಮ್ಮನೆ ಬಿಟ್ಟೆ. ಆಮೇಲೆ ಐದರ ಚೌಕವನ್ನೂ ಆಗಲೇ ತುಂಬಿಡತೊಡಗಿದೆ. ವಾರ್ಡಿನಲ್ಲಿ ಮೂತ್ರದ ವಾಸನೆ, ಪ್ರಾರ್ಥನಾ ಮಂದಿರದಲ್ಲಿ ಮೇಣದ್ದು. ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಲೋಕದ ನರಳುವವರಿಗಾಗಿ ಅಳುತ್ತಿದ್ದೆ. ಕಣ್ಣೀರು ಸುಳ್ಳಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮದರ್ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಒಂದು ತುದಿಯನ್ನು ನನ್ನ ಕೈಗಿತ್ತರು. ಮಡಚುತ್ತಲೇ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಮೆಚ್ಚುಗೆಯನ್ನು ಹಿಂದಕ್ಕೂ ಪಡೆಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ನನಗೆ ಹೇಳೋದು ಸುಲಭ, ಮಗಳೇ," ಎಂದರು. "ಆಕೆಗೆ ಹೇಳಿ ಬಾ."

ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಲವತ್ತು ವರ್ಷ ಮಷೀನ್ ತುಳಿದ ಕಾಲುಗಳು ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ಮಂಚಕ್ಕೂ ಗೋಡೆಗೂ ನಡುವೆ ನುಸುಳಿ ಅವರ ಮುಖದೆದುರು ಕುಕ್ಕರುಗಾಲಲ್ಲಿ ಕುಳಿತೆ.

"ಬಾ ಸಣ್ಣ ಸಿಸ್ಟರ್," ಎಂದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನಗೆ ಹಾಸಿಗೆ ಬೇಕಾದಷ್ಟಿದೆ, ಕಾಲೇ ಕೈಕೊಟ್ಟಿದೆ."

ಹೊರಳಿಸದೆಯೇ ಬರೆದೆ ಎಂದು ಹೇಳಿದೆ.

"ಗೊತ್ತು. ಹೋಗಿರೋದು ಕಾಲು, ಕಣ್ಣಲ್ಲ. ದಿನಾ ನೋಡ್ತಿದ್ದೆ."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಹುಡುಗಿ ದೇವರ ಹತ್ತಿರ ಹೋಗುತ್ತಾಳೆ, ಹೇಳಿದರೆ ಎಲ್ಲಿ ಮನೆಗೆ ಕಳಿಸಿಬಿಡುತ್ತಾರೋ ಎಂದು ಸುಮ್ಮನಿದ್ದರಂತೆ. ತಮಗೂ ಆ ಪ್ರಾರ್ಥನೆಯಲ್ಲಿ ಒಂದು ಪಾಲು ಸಿಗಬಹುದು ಎಂದುಕೊಂಡಿದ್ದರಂತೆ.

"ಅಲ್ಲಿ ನನ್ನ ಹೆಸರು ಹೇಳ್ತಿದ್ದೆ ತಾನೇ?"

ಹೌದು ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ಇಲ್ಲ," ಎಂದೆ.

ಅವರು ಕಣ್ಣು ಮುಚ್ಚಿದರು. ಅದಕ್ಕೆ ಬದಲಾಗಿ ಏನಾದರೂ ಕೊಡಬೇಕೆನ್ನಿಸಿತು. ನನ್ನಲ್ಲಿ ದೊಡ್ಡದೆಂದು ಇದ್ದದ್ದು ಒಂದೇ.

"ನಾನು ಪತ್ರ ಕೊಡಲ್ಲ, ಅಮ್ಮ. ಸಿಸ್ಟರ್ ಆಗೋದು ಬಿಟ್ಟುಬಿಡ್ತೀನಿ. ನಾಳೆನೇ ಮನೆಗೆ ಹೋಗ್ತೀನಿ. ನಿಮಗೆ ಮಾಡಿದ್ದಕ್ಕೆ."

ಟೈಲರಮ್ಮ ಕಣ್ಣು ತೆರೆದರು. ಕೋಪವಿರಲಿಲ್ಲ. ಕೆಟ್ಟ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡುವವರ ಹಾಗೆ ನನ್ನನ್ನು ನೋಡಿದರು.

"ಬಟ್ಟೆ ಹಾಳು ಮಾಡಿದವಳು ಹೋಗಿ ತನ್ನ ಮಷೀನ್ ಮಾರಿಬಂದ್ರೆ, ಬಟ್ಟೆ ಕೊಟ್ಟವಳಿಗೆ ಏನು ಬಂತು? ನೀನು ಇರು, ಹೋಗು, ಅದು ನಿನ್ನ ಪಾಡು. ನನ್ನ ಹೆಸರಲ್ಲಿ ಮಾತ್ರ ಏನೂ ಬಿಡಬೇಡ. ನನಗದು ಬೇಡ."